ಗಾಣಿಗೇರ ಓಣಿಯ ಇಂಬ್ರಾಗ್ಲಿಯೋ ಪರ್ವ

ಮೊರವು ಮೇಲೇರಿ ಕೆಳಗಿಳಿಯುವಷ್ಟರಲ್ಲಿ ಜೋಳ ಒಂದು ಕಡೆ, ಹೊಟ್ಟು ಒಂದು ಕಡೆ ತಾವಾಗಿಯೇ ಬೇರೆಯಾಗುತ್ತಿದ್ದ, ಆದರೆ ಗಂಡಸರ ಮಾತಿಗೆ ಅಂಥದೊಂದು ಮೊರವನ್ನು ಬ್ರಹ್ಮದೇವರು ಹೆಣೆಯದೇ ಬಿಟ್ಟಿದ್ದ ಈ ಕಲಿಯುಗದಲ್ಲಿ, ಕಟ್ಟಡ ಕಟ್ಟಿದವನ ಹೆಸರು ಅಳಿದು ರಿಬ್ಬನ್ ಕತ್ತರಿಸಿದವನ ಹೆಸರು ಕಲ್ಲಿನ ಮೇಲೆ ಉಳಿಯುವ ಈ ಪುಣ್ಯಕಾಲದಲ್ಲಿ, ಗಾಣಿಗೇರ ಓಣಿಯ ಕಟ್ಟೆಯ ಮೇಲೆ ನೀಲವ್ವ ಜೋಳ ಕೇರುತ್ತ ಕುಳಿತಿದ್ದಳು. ಹೇ ಶಾರದೆ, ಆ ಕಟ್ಟೆಯ ಮೇಲೆ ಅಂದು ಮೊದಲಾದ ಮಹಾಸಮರವನ್ನು ಹೇಳುವ ಶಕ್ತಿಯನ್ನು ಕರುಣಿಸು. ಕರುಣಿಸದಿದ್ದರೂ ಚಿಂತೆಯಿಲ್ಲ, ಹೇಳದೆ ಬಿಡುವುದಿಲ್ಲ.

ನೀಲವ್ವನ ಎಡಕ್ಕೆ ಆಸೀನರಾಗಿದ್ದವರು ತಡೆಯಾಜ್ಞಾವಿಶಾರದ, ಮುದ್ರಾಂಕಪತ್ರಮರ್ದನ, ಅಲ್ಪವಿರಾಮಭಯಂಕರ, ನಿವೃತ್ತ ಕೋರ್ಟು ಶಿರಸ್ತೇದಾರ ನರಹರಿರಾಯರು. ಬಲಕ್ಕೆ ವಿರಾಜಮಾನರಾಗಿದ್ದವರು ವ್ಯಾಕರಣಕೇಸರಿ, ವೇತ್ರಪಾಣಿ, ಸಂಧಿಸಮಾಸಸಂಹಾರಕ, ನಿವೃತ್ತ ಕನ್ನಡ ಶಿಕ್ಷಕ ಮುರಿಗೆಪ್ಪ ಮಾಸ್ತರರು. ಈ ಇಬ್ಬರ ಸಹಿಯಿಲ್ಲದೆ ಓಣಿಯಿಂದ ಒಂದು ಅರ್ಜಿಯೂ ಹೊರಗೆ ಹೋದದ್ದಿಲ್ಲ. ಬೀದಿದೀಪಕ್ಕೂ ಅವರೇ, ಬೀದಿನಾಯಿಗೂ ಅವರೇ.

ಯುದ್ಧಕ್ಕೆ ಕಾರಣವಾದದ್ದು ಓಣಿಯ ಸಮುದಾಯ ಭವನ. ಉದ್ಘಾಟನೆಯ ಕಲ್ಲಿನ ಮೇಲೆ ಪುರಸಭೆಯ ಮಾಜಿ ಅಧ್ಯಕ್ಷರ ಹೆಸರು ಮೇಲಿರಬೇಕೋ ಹಾಲಿ ಅಧ್ಯಕ್ಷರದೋ ಎಂಬ ಘನಪ್ರಶ್ನೆಯು ಓಣಿಯಿಂದ ಪಕ್ಷದ ಕಚೇರಿಗೆ, ಅಲ್ಲಿಂದ ಕೋರ್ಟಿಗೆ, ಅಲ್ಲಿಂದ ಇನ್ನೂ ಮೇಲಿನ ಕೋರ್ಟಿಗೆ ಏರಿ, ಭವನಕ್ಕೆ ಬೀಗ ಬಿದ್ದಿತ್ತು. ನಡುವೆ ಎರಡು ಚುನಾವಣೆಗಳು ಕಳೆದವು. ಮಾಜಿ ಹಾಲಿಯಾದ, ಹಾಲಿ ಮಾಜಿಯಾದ. ತಡೆಯಾಜ್ಞೆಯೊಂದೇ ತನ್ನ ಸ್ಥಾನ ಬಿಡಲಿಲ್ಲ.

ಬೀಗ ಬಿದ್ದ ದಿನ ಒಳಗೆ ಸಿಕ್ಕಿಬಿದ್ದದ್ದು ಮಹಿಳಾ ಸಂಘದ ಅಡುಗೆಯ ಪಾತ್ರೆಗಳು. ಶಾವಿಗೆ ಹೊಸೆದು, ಹಪ್ಪಳ ಲಟ್ಟಿಸಿ ಕೊಂಡ ಹಂಡೆ, ಕೊಪ್ಪರಿಗೆ, ಪರಾತಗಳು. ಅಲ್ಲಿಂದೀಚೆಗೆ ನೀಲವ್ವನೂ ಅವಳ ಗೆಳತಿಯರೂ ಕಂಡವರ ಮದುವೆಯಲ್ಲಿ ಕಾಂಟ್ರಾಕ್ಟರನ ಕೈಕೆಳಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದರು. ಈಗ ಹೆಣ್ಣುಮಕ್ಕಳ ಶಾಲೆಗೆ ನೂರು ವರ್ಷ ತುಂಬುತ್ತಿತ್ತು. ಅಲ್ಲಿನ ಮುಖ್ಯೋಪಾಧ್ಯಾಯಿನಿ ಹೆಡ್ ಬಾಯಾರು ಊರೂಟದ ಅಡುಗೆಯನ್ನು ಸಂಘಕ್ಕೇ ಕೊಡುವುದಾಗಿ ಹೇಳಿದ್ದರು. ಸ್ವಂತ ಹೆಸರಿನಲ್ಲಿ ಒಲೆ ಹೂಡುವ ಮೊದಲ ಅವಕಾಶ. ಒಲೆ ಇತ್ತು, ಕೈ ಇತ್ತು, ಹಂಡೆ ಮಾತ್ರ ನ್ಯಾಯಾಲಯದ ಸುಪರ್ದಿಯಲ್ಲಿತ್ತು.

ನೀಲವ್ವ ಪುರಸಭೆಗೆ ಹೋಗಿ ಕೇಳಿದಳು. ಚೀಫ್ ಆಫೀಸರು ಸಜ್ಜನರು. "ಪಾತ್ರೆ ನಿಮ್ಮವು ಅಂತ ಹಿರಿಯರಿಬ್ಬರ ಸಹಿ ಇರೂ ಅರ್ಜಿ ರಿಜಿಸ್ಟರ್ ಪೋಸ್ಟಿನಾಗ ಹಾಕ್ರಿ. ಪಾತ್ರಿಗೂ ಆ ಕೇಸಿಗೂ ಸಂಬಂಧ ಇಲ್ಲ, ಬೀಗ ತೆಗಿಸಿ ಕೊಡಸ್ತೀನಿ," ಎಂದಿದ್ದರು. ಇಷ್ಟೇ ಕೆಲಸ. ಆದ್ದರಿಂದ ಹಿರಿಯರಿಬ್ಬರು ಕಟ್ಟೆ ಏರಿದರು.

ರಾಯರು ಕನ್ನಡಕ ಏರಿಸಿ ಹಾಳೆಯ ಮೇಲೆ 'ವಿಷಯ' ಎಂದು ಬರೆದು ಎರಡು ಚುಕ್ಕೆ ಇಟ್ಟರು. "ವಿಷಯ ಗಟ್ಟಿ ಇರಬೇಕು. ಜೀವಮಾನ ಕೋರ್ಟಿನಾಗ ಕಳದೇನಿ. ಸಾಹೇಬ ಅನ್ನಾಂವ ವಿಷಯ ಅಷ್ಟ ಓದತಾನ, ಕೆಳಗಿಂದು ಗುಮಾಸ್ತ ಓದತಾನ."

ಹೀಗೆಂದು ಬರೆದರು: ಸಮುದಾಯ ಭವನದ ಇಂಬ್ರಾಗ್ಲಿಯೋ ಕುರಿತು.

ಮಾಸ್ತರರ ಎಲೆ ಅಡಿಕೆ ಬಾಯಲ್ಲೇ ನಿಂತಿತು. "ಏನ್ರೀ ಅದು, ರಾಯರ?"

"ಇಂಗ್ಲಿಷ್ ಪೇಪರ್ ಓದೂ ರೂಢಿ ಇದ್ರ ಕೇಳತಿದ್ದಿಲ್ಲ. ಯಾವ ರಾಜ್ಯದಾಗ ಸರ್ಕಾರ ಜೋಲಿ ಹೊಡದ್ರೂ, ಯಾವ ಕೇಸು ತಲಿಮಾರು ದಾಟಿದ್ರೂ, ಅವರು ಬರಿಯೂದು ಇದೊಂದ ಶಬ್ದ. ರಾಜಕೀಯನೂ ಇದರಾಗ ಅದ, ಕೋರ್ಟೂ ಇದರಾಗ ಅದ. ಈ ಶಬ್ದ ನೋಡಿದ ಕೂಡಲೆ ಸಾಹೇಬ ಕುರ್ಚಿ ಬಿಟ್ಟು ಏಳತಾನ."

"ಎದ್ದು ಎಲ್ಲಿ ಹೋಗ್ತಾನ್ರೀ, ಡಿಕ್ಷನರಿ ಹುಡುಕಾಕ?" ಎಂದರು ಮಾಸ್ತರರು. "ನನಗ ಕೇಳಿದ್ರ ಹತ್ತಿಗೆ ಹುಳ ಬಿದ್ರ ಹೊಡಿಯೂ ಹೊಸಾ ಎಣ್ಣಿ ಹೆಸರಿದ್ದಂಗೈತಿ. ಕಗ್ಗಂಟು ಅಂತ ಬರೀರಿ. ಬಿಚ್ಚಾಕ ಬರಂಗಿಲ್ಲ ಅಂತ ತೊಟ್ಟಿಲದಾಗಿನ ಕೂಸಿಗೂ ತಿಳೀತೈತಿ."

"ತೊಟ್ಟಿಲದಾಗಿನ ಕೂಸಿಗೆ ಅರ್ಜಿ ಬರಿಯಾಕತ್ತಿಲ್ಲ, ಮಾಸ್ತರ."

ಆಹಾ, ಅಲ್ಲಿಗೆ ಶಂಖನಾದವಾಯಿತು. ಪ್ರಳಯಕಾಲದ ಮೇಘಗಳೆರಡು ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಂತೆ ಆ ವೀರರಿಬ್ಬರು ಗುಡುಗಿದರು. ರಾಯರು ಮನೆಗೆ ಧಾವಿಸಿ, ಕತ್ತರಿಸಿಟ್ಟ ಇಂಗ್ಲಿಷ್ ಪತ್ರಿಕೆಯ ತುಣುಕುಗಳನ್ನು ಬತ್ತಳಿಕೆಯಂತೆ ಬಗಲಲ್ಲಿಟ್ಟು ತಂದು, ಒಂದೊಂದನ್ನೇ ಎದುರಾಳಿಯ ಎದೆಗೆ ಗುರಿಯಿಟ್ಟು ಓದಿದರು. ಮಾಸ್ತರರು ಗದಾಪ್ರಾಯವಾದ ನಿಘಂಟನ್ನು ಎರಡೂ ಕೈಗಳಿಂದ ಎತ್ತಿ ತಂದು ಕಟ್ಟೆಗೆ ಅಪ್ಪಳಿಸಲು, ನೀಲವ್ವ ಕೇರಿಟ್ಟಿದ್ದ ಜೋಳವು ಮತ್ತೆ ಹೊಟ್ಟಿನೊಡನೆ ಬೆರೆಯಿತು. ಅವಳು ಮೊದಲಿನಿಂದ ಕೇರತೊಡಗಿದಳು.

"ಮೂರು ಜಡ್ಜಿ ಸಾಹೇಬರು ನನ್ನ ಬರವಣಗಿಗೆ ಒಂದು ಕಾಮಾ ಹಚ್ಚಿಲ್ಲ," ಎಂದು ರಾಯರು ಎದೆ ತಟ್ಟಿಕೊಂಡರು.

"ಆ ಜಡ್ಜಿ ಸಾಹೇಬರಿಗೆ ಕಾಮಾ ಹಚ್ಚೂದು ಕಲಿಸಿದಾಂವ ನನ್ನಂಥಾ ಮಾಸ್ತರನ," ಎಂದು ಮಾಸ್ತರರು ಮೀಸೆ ತಿರುವಿದರು.

ಮರುದಿನವೂ ಕಾದಾಟ, ಅದರ ಮರುದಿನವೂ. ಹಾಳೆಯ ಮೇಲೆ 'ವಿಷಯ' ದಾಟಿ ಒಂದು ಸಾಲೂ ಇಳಿಯಲಿಲ್ಲ. ಓಣಿ ಇಬ್ಭಾಗವಾಯಿತು. ಚಹಾದಂಗಡಿಯಲ್ಲಿ ಒಂದು ಬೆಂಚು ಇಂಬ್ರಾಗ್ಲಿಯೋದವರದು, ಇನ್ನೊಂದು ಕಗ್ಗಂಟಿನವರದು. ಆ ಶಬ್ದವನ್ನು ಉಚ್ಚರಿಸಲಾರದವರೂ ಅದಕ್ಕಾಗಿ ಪ್ರಾಣ ಕೊಡಲು ಸಿದ್ಧರಾದರು. ಇಂಥ ನಿಷ್ಠೆ ಉಚ್ಚಾರಕ್ಕೆ ಕಾಯುವುದಿಲ್ಲ.

ನೀಲವ್ವ ಸಂಧಾನಕ್ಕೆ ನಿಂತಳು. "ಎರಡೂ ಹಾಕ್ರಲ್ಲ. ಒಂದು ಮುಂದ, ಒಂದು ಕಂಸದಾಗ."

ಇದನ್ನು ಕೇಳಿ ವೀರರಿಬ್ಬರೂ ಆಯುಧಗಳನ್ನು ಕೆಳಗಿಟ್ಟರು. ಆದರೆ ಕಂಸದೊಳಗೆ ಹೋಗುವವರು ಯಾರು?

"ಒಳಗ ಹೋಗಿ ಕೂಡಾಕ ನನ್ನ ಶಬ್ದ ಏನ್ ಕೈದಿ ಐತೇನು?" ಎಂದರು ಮಾಸ್ತರರು.

"ನಂದು ಹೊರಗಿರಬೇಕು. ಅದಕ್ಕ ಜಾಮೀನು ಬೇಕಾಗಿಲ್ಲ," ಎಂದರು ರಾಯರು.

ಆ ಸಂಜೆಯಿಂದ ಮಾತು ನಿಂತಿತು. ಒಂದೇ ಕಟ್ಟೆ, ಒಂದೇ ಎಲೆಯಡಿಕೆಯ ಚೀಲ, ನಡುವೆ ನೀಲವ್ವ.

"ನೀಲವ್ವ, ಸುಣ್ಣದ ಡಬ್ಬಿ ಈ ಕಡೆ ಸರಸು ಅಂತ ಅವರಿಗೆ ಹೇಳು," ಎನ್ನುವರು ರಾಯರು.

"ಹಲ್ಲಿಲ್ಲದವರಿಗೆ ಸುಣ್ಣ ಯಾಕ ಬೇಕು ಅಂತ ಅವರನ್ನ ಕೇಳವ್ವ."

ಹೀಗೆ ಮಹಾರಥಿಗಳು ರಣಮೌನದಲ್ಲಿ ಮುಳುಗಿರಲು, ಶುಕ್ರವಾರ ಮಧ್ಯಾಹ್ನ ಸಂಘದ ಹಾಜರಾಬಿ ಏದುಸಿರು ಬಿಡುತ್ತ ಬಂದಳು. "ಅಕ್ಕಾ, ಹೆಡ್ ಬಾಯಾರು ಹೇಳಿ ಕಳಿಸ್ಯಾರ. ಅರ್ಜಿ ಪೋಸ್ಟಿಗೆ ಬಿತ್ತಂದ್ರ ಕಾಯ್ತಾರಂತ. ಇವತ್ತು ಬೀಳಲಿಲ್ಲಂದ್ರ ನಾಳೆ ಮುಂಜಾನೆ ಕಾಂಟ್ರಾಕ್ಟರಿಗೆ ಮುಂಗಡ ಕೊಡ್ತಾರಂತ."

"ಯಾವ ಕಾಂಟ್ರಾಕ್ಟರು?"

"ನಮ್ಮಾಂವನ. ಉಳ್ಳಾಗಡ್ಡಿ ಹೆಚ್ಚಾಕ ಬರ್ರಿ ಅಂತ ಆಗಲೇ ನಮ್ಮನಿ ಮುಂದ ಹಾದು ಹೋದ."

ನೀಲವ್ವ ಮೊರ ಕೆಳಗಿಟ್ಟಳು. ಸಿಟ್ಟು ಬಂದಿತ್ತು, ಆದರೆ ಅವಳ ಸಿಟ್ಟು ಕುದಿಯುವ ಜಾತಿಯದಲ್ಲ, ಹದಕ್ಕೆ ಬರುವ ಜಾತಿಯದು. ಒಳಗೆ ಹೋಗಿ ಹೊಸ ಹಾಳೆ ತಂದು, ಹೊಸ್ತಿಲ ಮೇಲೆ ಕುಳಿತು, ದಪ್ಪ ದಪ್ಪ ಅಕ್ಷರಗಳಲ್ಲಿ ಬರೆದಳು: ವಿಷಯ: ಅಡುಗೆ ಪಾತ್ರೆ. ಅದರ ಕೆಳಗೆ, ಈ ಪಾತ್ರೆಗಳು ಮಹಿಳಾ ಸಂಘದವು, ದಯವಿಟ್ಟು ನಮಗೆ ಕೊಡಿಸಬೇಕು. ಅಷ್ಟೇ.

ಮೊದಲು ರಾಯರ ಮುಂದೆ ಹಿಡಿದಳು. ರಾಯರು ಕನ್ನಡಕ ಏರಿಸಿದರು, ಇಳಿಸಿದರು. ಅವರ ದಿವ್ಯದೃಷ್ಟಿ ಹಾಳೆಯ ಮೇಲೆ ಹುಡುಕುತ್ತಿದ್ದದ್ದು ಒಂದನ್ನೇ.

"ಮಾಸ್ತರರ ಶಬ್ದ ಹಾಕಿಲ್ಲ ಹೌದಲ್ಲ?"

"ಇಲ್ರೀ."

ಪರಮಾನಂದದಿಂದ ಸಹಿ ಹಾಕಿದರು. ಬಳಿಕ ಹಾಳೆ ಒಂದು ಮೊಳ ಆಚೆ ಸರಿಯಿತು.

"ಆ ಎಣ್ಣಿ ಹೆಸರು ಎಲ್ಲೂ ಇಲ್ಲಲ್ಲವ್ವ?"

"ಎಲ್ಲೂ ಇಲ್ರೀ."

ಮಾಸ್ತರರೂ ಸಹಿ ಹಾಕಿ, ಅದರ ಕೆಳಗೆ ಗೆರೆ ಎಳೆದು, ಎರಡು ಚುಕ್ಕೆ ಇಟ್ಟರು. ವಿಜಯದುಂದುಭಿಗಳು ಎರಡೂ ಪಾಳೆಯಗಳಲ್ಲಿ ಏಕಕಾಲಕ್ಕೆ ಮೊಳಗಿದವು. ಸೋತವನೇ ಇಲ್ಲದ ಇಂಥ ಯುದ್ಧ ದ್ವಾಪರದಲ್ಲೂ ನಡೆದಿರಲಿಕ್ಕಿಲ್ಲ. ಕೂಡಲೇ ಮಾಸ್ತರರು ನೇರವಾಗಿ ರಾಯರತ್ತ ತಿರುಗಿ, "ರಾಯರ, ನಮ್ಮ ಈ ಜಗಳಕ್ಕ ಏನಂತ ಕರೀಬೇಕ್ರೀ?" ಎಂದು ಕೇಳಿದರು. ರಾಯರು ಬಾಯಿ ತೆರೆಯುವಷ್ಟರಲ್ಲಿ ನೀಲವ್ವ ಚಪ್ಪಲಿ ಮೆಟ್ಟಿ ಹಾಜರಾಬಿಯೊಡನೆ ಓಣಿಯ ತಿರುವು ದಾಟಿದ್ದಳು.

ಅಂಚೆಕಚೇರಿಯಲ್ಲಿ ಕಿಟಕಿ ಮುಚ್ಚುವ ಹೊತ್ತು. ಅಂಟು ಒಣಗಿತ್ತು; ಹಾಜರಾಬಿ ಅನ್ನದ ಅಗುಳು ತರಲು ಎದುರಿನ ಖಾನಾವಳಿಗೆ ಓಡಿದಳು. ಲಕೋಟೆ ಅಂಟಿತು. ಗುಮಾಸ್ತ ಅದನ್ನು ತಕ್ಕಡಿಯ ಮೇಲಿಟ್ಟು ನೋಡಿ, "ಭಾಳ ಹಗರ ಐತವ್ವ. ಒಳಗ ಏನರ ಐತೋ ಇಲ್ಲೋ?" ಎಂದ.

"ಒಂದ ಹಾಳಿ ಐತ್ರೀ."

ಅವನು ರಸೀದಿ ಹರಿದು ಕೊಟ್ಟ, ಲಕೋಟೆಗೆ ಠಸ್ಸೆ ಒತ್ತಿದ, ಹಿಂದೆ ತಿರುಗಿ ನೋಡದೆ ಅದನ್ನು ಚೀಲದೊಳಗೆ ಎಸೆದು, ಕಿಟಕಿ ಎಳೆದುಕೊಂಡ.