ನನ್ನ ತಲೆಯ ಹಿಂದೆ ನಡೆದದ್ದು

ಗಡಿಬಿಡಿಯೂ ಒಂದು ಸದ್ಗುಣ ಎಂದು ನಂಬಿಕೊಂಡೇ ಐವತ್ತರ ಹತ್ತಿರಕ್ಕೆ ಬಂದವಳು ನಾನು. ನಿಧಾನಸ್ಥರನ್ನು ಕಂಡರೆ ಇವರಿಗೆ ಮನೆಯಲ್ಲಿ ಕೆಲಸವೇ ಇಲ್ಲವೇನೋ ಎನಿಸುತ್ತಿತ್ತು. ಬನಹಟ್ಟಿಯ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವುದರಿಂದ ಹಿಡಿದು ಸೀರೆ ಉಟ್ಟು ಚಿಮ್ಮಡದ ಬಸ್ಸು ಹಿಡಿಯುವವರೆಗೆ ಪ್ರತಿಯೊಂದಕ್ಕೂ ನನ್ನಲ್ಲಿ ನಿಮಿಷಗಳ ಲೆಕ್ಕವಿತ್ತು. ಅಲ್ಲಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳಿಗೆ ಅಷ್ಟಾದರೂ ಇರಬೇಕಲ್ಲ. ಆ ಲೆಕ್ಕದಲ್ಲಿ ತಲೆ ಎರೆದುಕೊಳ್ಳುವುದಕ್ಕೆ ಹನ್ನೊಂದು ನಿಮಿಷ. ಭಾನುವಾರ ಬೆಳಿಗ್ಗೆ ಬಚ್ಚಲಿಗೆ ನುಗ್ಗಿ, ಎರಡು ತಂಬಿಗೆ ನೀರು ಸುರುವಿಕೊಂಡು, ಶಾಂಪೂ ಹಚ್ಚಿ, ಅಡುಗೆ ಮನೆಯ ತಳ ಹತ್ತಿದ ಪಾತ್ರೆಯನ್ನು ತಿಕ್ಕುವ ಹಾಗೆಯೇ ತಲೆಯನ್ನೂ ತಿಕ್ಕಿ, ನಡುನಡುವೆ ಬಾಗಿಲೊಳಗಿಂದಲೇ "ಕುಕ್ಕರ್ ಎಷ್ಟು ಸೀಟಿ ಆತು?" ಎಂದು ಕೂಗುತ್ತಿದ್ದೆ. ನಮ್ಮ ಅತ್ತೆ ಹೊರಗಿನಿಂದ "ಮೂರು" ಎನ್ನುತ್ತಿದ್ದರು. ನಾಲ್ಕನೆಯದು ಕೂಗುವಷ್ಟರಲ್ಲಿ ನಾನು ಟಾವೆಲ್ ಸುತ್ತಿಕೊಂಡು ಒಲೆಯ ಮುಂದೆ ಇರುತ್ತಿದ್ದೆ.

ಇಂಥ ನನಗೆ ನಮ್ಮ ಶಾಲೆಯ ವಿಜ್ಞಾನದ ಟೀಚರ್ ಸುವರ್ಣಾ ಒಂದು ದಿನ ಊಟದ ಬಿಡುವಿನಲ್ಲಿ ಉಪದೇಶ ಮಾಡಲು ಕುಳಿತಳು. ನನಗಿಂತ ಹದಿನೈದು ವರ್ಷ ಚಿಕ್ಕವಳು. ಮಾತು ಮೆತ್ತಗೆ, ಹಟ ಗಟ್ಟಿ. "ಅಕ್ಕಾರ, ತಲಿ ಎರಕೊಳ್ಳೋದನ್ನ ಕೆಲಸ ಅಂತ ತಿಳಕೋಬ್ಯಾಡ್ರಿ. ವಿಶ್ರಾಂತಿ ಅಂತ ತಿಳಕೋರಿ. ವಾರಕ್ಕೊಮ್ಮೆ ಒಂದು ತಾಸು ನಿಮ್ಮ ಸಲುವಾಗಿ ಇಟಗೋರಿ" ಎಂದಳು. ಒಂದು ತಾಸಿನಲ್ಲಿ ನಾನು ಒಂಬತ್ತನೆಯ ತರಗತಿಯ ಅರ್ಧ ಕಟ್ಟು ಉತ್ತರಪತ್ರಿಕೆ ತಿದ್ದಿ ಮುಗಿಸಬಲ್ಲೆ ಎಂದೆ. ಅವಳು ಬಿಡಲಿಲ್ಲ. ಬೆಚ್ಚಗಿನ ಎಣ್ಣೆ ಹಚ್ಚಬೇಕು, ಬೆರಳ ತುದಿಯಿಂದ ಸಾವಕಾಶವಾಗಿ ತಲೆಯ ಒಂದೊಂದು ಜಾಗವನ್ನೂ ಒತ್ತಬೇಕು, ಅಗಸೆ ಬೀಜ ಕುದಿಸಿ ಅದರ ಲೋಳೆ ಹಚ್ಚಬೇಕು, ಬಿಸಿನೀರಿನಲ್ಲಿ ಹಿಂಡಿದ ಟಾವೆಲ್ ಸುತ್ತಿ ಕಣ್ಣು ಮುಚ್ಚಿ ಕೂರಬೇಕು ಎಂದು ಮೂರು ದಿನ ಹೇಳಿದಳು. ನಾಲ್ಕನೆಯ ದಿನ ಹಾಳೆಯ ಮೇಲೆ ಬರೆದೇ ಕೊಟ್ಟಳು. "ಬೆರಳ ತುದಿಯಿಂದ, ಸಾವಕಾಶ, ಹಿಂದಿನ ಭಾಗಕ್ಕೆ ಹೆಚ್ಚು" ಎಂಬ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಳು. ವಿಜ್ಞಾನದವರಿಗೆ ಮುಖ್ಯಾಂಶಗಳ ಕೆಳಗೆ ಗೆರೆ ಎಳೆಯುವ ಚಟ ಇರುತ್ತದೆ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಅಗಸೆ ಕುದಿಯಲು ಇಟ್ಟಾಗ ಅತ್ತೆ ವಾಸನೆ ಹಿಡಿದು ಬಂದರು. ಅವರಿಗೆ ಎಪ್ಪತ್ತೆಂಟು. ಅಗಸೆ ಎಂದರೆ ಹುರಿದು, ಬೆಳ್ಳುಳ್ಳಿ ಖಾರ ಹಾಕಿ ಕುಟ್ಟಿ, ರೊಟ್ಟಿಯ ಜೊತೆ ತಿನ್ನುವ ಚಟ್ನಿ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿಲ್ಲ. "ಇದೇನ ಶೈಲಾ, ಅಗಸಿ ಕುದಿಸಾಕತ್ತಿ" ಎಂದರು. ತಲೆಗೆ ಹಚ್ಚಿಕೊಳ್ಳಲು ಎಂದೆ. ಅವರು ಪಾತ್ರೆಯನ್ನೂ ನನ್ನನ್ನೂ ಸ್ವಲ್ಪ ಹೊತ್ತು ನೋಡಿದರು. "ತಿನ್ನೂದನ್ನ ತಲಿಗೆ ಹಚ್ಚತಿ. ನಾಳೆ ಎಣ್ಣಿ ಬದಲಿ ಹಿಂಡಿಪಲ್ಯಾ ಹಚ್ಚಕೋ" ಎಂದರು. ಇನ್ನೂ ಅರ್ಧ ತಾಸು ಈ ವಿಷಯ ನಡೆಯುತ್ತದೆಂದು ನಾನು ಸೆರಗು ಬಿಗಿದು ನಿಂತರೆ, ಅವರು ಅದೇಕೋ ಅಷ್ಟಕ್ಕೇ ಬಿಟ್ಟು, "ಕುಕ್ಕರ್ ನಾ ನೋಡಕೋತೀನಿ. ಹೋಗು, ಸಾವಕಾಶ ಎರಕೋ" ಎಂದರು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ "ಸಾವಕಾಶ" ಎಂಬ ಶಬ್ದ ನನ್ನ ಸಲುವಾಗಿ ಕೇಳಿದ್ದು ಅದೇ ಮೊದಲು. ನನಗೆ ಸಣ್ಣದೊಂದು ಆಘಾತವೇ ಆಯಿತು.

ಬಚ್ಚಲಿನ ಬಾಗಿಲು ಹಾಕಿಕೊಂಡೆ. ಓಣಿಯ ವಿದ್ಯುತ್ ಮಗ್ಗಗಳ ಸದ್ದು ಕೇಳದಿರಲೆಂದು ಫೋನಿನಲ್ಲಿ ಕೊಳಲು ಹಚ್ಚಿ ಖಾಲಿ ಬಕೆಟ್ಟಿನಲ್ಲಿ ಇಟ್ಟೆ. ಬಕೆಟ್ಟಿನೊಳಗಿನಿಂದ ಕೊಳಲು ಯಾರೋ ಬಾವಿಗೆ ಬಿದ್ದು ಊದಿದಂತೆ ಕೇಳುತ್ತಿತ್ತು. ಮೊದಲ ಐದು ನಿಮಿಷ ನಾನು ಮಣೆಯ ಮೇಲೆ ಕುಳಿತು ವಿಶ್ರಾಂತಿ ಶುರುವಾಗುವುದನ್ನು ಕಾಯ್ದೆ. ಅದು ಬರಲಿಲ್ಲ; ಸೋಮವಾರ ಕಲಿಸಬೇಕಾದ ವರ್ಗ ಸಮೀಕರಣ ಬಂತು. ಆಮೇಲೆ ಬೆಚ್ಚಗಿನ ಎಣ್ಣೆ ನೆತ್ತಿಗೆ ಬಿತ್ತು. ಹಣೆಯ ಮೇಲಿನಿಂದ ಬೆರಳಿಟ್ಟು ಒತ್ತುತ್ತ ಬಂದೆ. ನಿಜ ಹೇಳುತ್ತೇನೆ, ಕಣ್ಣು ತಾನಾಗಿ ಮುಚ್ಚಿತು. ನನ್ನ ತಲೆಗೆ ಇಷ್ಟು ಮೂಲೆಗಳಿವೆ, ಕಿವಿಯ ಹಿಂದೆ ಒಂದು ತಗ್ಗಿದೆ, ಅದನ್ನು ಒತ್ತಿದರೆ ಭುಜದವರೆಗೆ ಹಗುರಾಗುತ್ತದೆ ಎಂಬುದೆಲ್ಲ ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ ತಲೆಯೊಂದಿಗೆ ಅವತ್ತು ಪರಿಚಯವಾಯಿತು.

ಸುವರ್ಣಾ ಗೆರೆ ಎಳೆದ ಹಿಂದಿನ ಭಾಗಕ್ಕೆ ಬಂದಾಗ ಬೆರಳು ಜಾರಿತು. ಎಣ್ಣೆಗೆ ಜಾರಿತೆಂದು ಮತ್ತೆ ಇಟ್ಟೆ. ಮತ್ತೆ ಜಾರಿತು. ನೆತ್ತಿಯಿಂದ ನಾಲ್ಕು ಬೆರಳು ಕೆಳಗೆ, ಎಡಕ್ಕೆ, ಕುಂಕುಮದ ಭರಣಿಯ ಮುಚ್ಚಳದಷ್ಟು ಜಾಗದಲ್ಲಿ ಒಂದು ಕೂದಲೂ ಇರಲಿಲ್ಲ. ನುಣ್ಣಗಿತ್ತು. ಬೆರಳನ್ನು ತೆಗೆದು ನೋಡಿದೆ, ಬೆರಳಿನದೇ ತಪ್ಪೇನೋ ಎಂಬಂತೆ. ಬಕೆಟ್ಟಿನಿಂದ ಫೋನು ತೆಗೆದು, ಕೈ ಹಿಂದೆ ಚಾಚಿ, ಫೋಟೋ ಹೊಡೆದೆ. ಮೊದಲ ಮೂರರಲ್ಲಿ ಬಚ್ಚಲ ಗೋಡೆ ಬಂತು. ನಾಲ್ಕನೆಯದರಲ್ಲಿ ಅದು ಬಂತು. ಕರಿ ಕೂದಲ ನಡುವೆ, ಹುಣ್ಣಿಮೆಯ ಹಾಗೆ, ಪಕ್ಕದಲ್ಲಿ ಒಂದು ಮಚ್ಚೆ ಬೇರೆ. ಬಿಸಿ ಟಾವೆಲ್ ಪಕ್ಕದಲ್ಲಿ ಆರಿ ತಣ್ಣಗಾಗುವವರೆಗೆ ನಾನು ಹಾಗೇ ಕುಳಿತಿದ್ದೆ. ಅತ್ತೆ ಬಾಗಿಲು ಬಡಿದು "ಶೈಲಾ, ಅರಾಮ ಅದಿಯೇನವಾ?" ಎಂದು ಕೇಳಿದ್ದು ಎಷ್ಟನೆಯ ಸಲವೋ ತಿಳಿಯದು. ಅರಾಮ ಇದ್ದೀನಿ ಎಂದೆ.

ಅಂದಿನಿಂದ ನಾನು ಕಳ್ಳಿಯಂತೆ ಬದುಕತೊಡಗಿದೆ. ಹೆರಳು ಬಿಟ್ಟು ತುರುಬು ಕಟ್ಟಿ, ಅದನ್ನು ಎಡಕ್ಕೆ ಎಳೆದು ಪಿನ್ನು ಚುಚ್ಚಿದೆ. ಬಸ್ಸಿನಲ್ಲಿ ನನ್ನ ಹಿಂದೆ ಯಾರೂ ಇರದಂತೆ ಕಟ್ಟಕಡೆಯ ಸೀಟು ಹಿಡಿದೆ. ಚಿಮ್ಮಡದ ದಾರಿಯಲ್ಲಿ ಆ ಸೀಟಿನ ಮೇಲೆ ಕುಳಿತವರಿಗೆ ಕೂರುವುದಕ್ಕಿಂತ ಹಾರುವುದೇ ಹೆಚ್ಚು. ಕಂಡಕ್ಟರ್ ದಿನಾ "ಅಕ್ಕಾರ, ಮುಂದ ಸೀಟ್ ಖಾಲಿ ಅದಾವ್ರಿ" ಎನ್ನುತ್ತಿದ್ದ. ಗಾಳಿ ಬೇಕು ಎನ್ನುತ್ತಿದ್ದೆ. ಎಲ್ಲಕ್ಕಿಂತ ಕಷ್ಟ ತರಗತಿಯದು. ಗಣಿತದ ಶಿಕ್ಷಕಿಯ ಮುಖಕ್ಕಿಂತ ಹಿಂದಲೆಯನ್ನೇ ಮಕ್ಕಳು ಹೆಚ್ಚು ನೋಡುತ್ತಾರೆ ಎಂಬ ಸತ್ಯ ನನಗೆ ಆಗ ಹೊಳೆಯಿತು. ಏಡಿಯಂತೆ ಅಡ್ಡ ನಿಂತು ಬೋರ್ಡಿನ ಮೇಲೆ ಬರೆಯಲು ಹೋದರೆ ಸಮೀಕರಣ ಇಳಿಜಾರಾಗುತ್ತಿತ್ತು. ಕೊನೆಗೆ ಲೆಕ್ಕ ಬಿಡಿಸಲು ಮಕ್ಕಳನ್ನೇ ಬೋರ್ಡಿಗೆ ಕರೆಯತೊಡಗಿದೆ. ಒಂದು ವಾರವಾದ ಮೇಲೆ ನಮ್ಮ ಮುಖ್ಯೋಪಾಧ್ಯಾಯರು, "ಟೀಚರ್, ನಿಮ್ಮ ಹೊಸ ಪದ್ಧತಿ ಭಾಳ ಛಲೋ ಐತ್ರಿ. ಮಕ್ಕಳೇ ಕಲೀಬೇಕು. ಉಳಿದವರಿಗೂ ಹೇಳಿಕೊಡ್ರಿ" ಎಂದರು. ಈ ಪದ್ಧತಿಗೆ ಬೇಕಾದ ಅರ್ಹತೆ ಏನೆಂದು ಅವರಿಗೆ ಹೇಳಲಿಲ್ಲ.

ಮನೆಯಲ್ಲಿ ಯಾರಿಗೂ ತಿಳಿಯುವ ಭಯವಿರಲಿಲ್ಲ. ಅತ್ತೆಯ ಕಣ್ಣು ಮಂದ. ನಮ್ಮ ಮನೆಯವರಂತೂ ಮೂವತ್ತು ವರ್ಷ ಸೀರೆ ಅಂಗಡಿ ನಡೆಸಿಯೂ ನಾನು ಹೊಸ ಸೀರೆ ಉಟ್ಟರೆ ಗುರುತು ಹಿಡಿಯದವರು. ಆದರೂ ಒಬ್ಬಳೇ ಇದ್ದಾಗ ಕೈ ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಇದು ಹೀಗೇ ಹರಡಿ ಪೂರ್ತಿ ಬೋಳಾದರೆ ಎಂದು ಮತ್ತೆ ಮತ್ತೆ ಬೆರಳಿನಿಂದ ಅದರ ಅಳತೆ ತೆಗೆಯುತ್ತಿದ್ದೆ. ನನ್ನ ಹೆರಳು ಮೊಣಕಾಲಿನವರೆಗೆ ಇತ್ತೆಂದು ನಮ್ಮ ತೇರದಾಳದ ತವರಿನಲ್ಲಿ ಈಗಲೂ ಹೇಳುತ್ತಾರೆ. ಅದು ಸೊಂಟದ ಮೇಲೆ ಇದ್ದದ್ದು ನನಗೊಬ್ಬಳಿಗೆ ಗೊತ್ತು. ಇರಲಿ, ಇದ್ದದ್ದಂತೂ ಹೌದಲ್ಲ.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಮನೆಗೆ ಫೋನು ಮಾಡಿ ತರಬೇತಿ ಇದೆ ಎಂದು ಸುಳ್ಳು ಹೇಳಿ ಜಮಖಂಡಿಯ ಬಸ್ಸು ಹತ್ತಿದೆ. ಅಲ್ಲಿ ಚರ್ಮದ ಡಾಕ್ಟರೊಬ್ಬರಿದ್ದರು. ಸರದಿ ಬಂದಾಗ ಪಿನ್ನುಗಳನ್ನು ಒಂದೊಂದಾಗಿ ತೆಗೆದು, ತುರುಬು ಬಿಚ್ಚಿ, ತಪ್ಪೊಪ್ಪಿಕೊಳ್ಳುವವಳಂತೆ ತಲೆ ಬಗ್ಗಿಸಿ ಕುಳಿತೆ. ಡಾಕ್ಟರು ಲೈಟು ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, "ಇದನ್ನ ನಾ ಮೊದಲ ಎಲ್ಲೋ ನೋಡೀನ್ರಿ" ಎಂದರು.

ನನಗೆ ಅರ್ಥವಾಗಲಿಲ್ಲ. ನಾನು ಇಲ್ಲಿಗೆ ಬಂದದ್ದು ಇದೇ ಮೊದಲು ಎಂದೆ.

"ನಿಮ್ಮನ್ನಲ್ರಿ, ಈ ಜಾಗಾ. ಬಾಜೂಕ ಈ ಮಚ್ಚಿ ಐತಲ್ಲ, ಅದಕ್ಕ ನೆನಪೈತಿ. ಎರಡು ತಿಂಗಳ ಹಿಂದ ಬನಹಟ್ಟಿಯಿಂದ ಒಬ್ರು ಸೀರಿ ಅಂಗಡಿಯವರು ಬಂದಿದ್ರು. ಫೋನಿನಾಗ ಫೋಟೋ ತೋರಿಸಿದ್ರು. ತಲಿ ನೋಡಲಾರದನ ಔಷಧ ಕೊಡಾಕ ಬರೂದಿಲ್ರಿ, ಮನಿಯವರನ್ನ ಕರಕೊಂಡು ಬರ್ರಿ ಅಂದೆ. ಆಕೀಗಿನ್ನೂ ಗೊತ್ತಿಲ್ರಿ ಅಂದ್ರು."

ಬಗ್ಗಿಸಿದ ತಲೆಯನ್ನು ಎತ್ತುವುದೇ ನನಗೆ ಮರೆತುಹೋಯಿತು. ಡಾಕ್ಟರು ಮುಂದೆ ಹೇಳಿದ್ದೆಲ್ಲ ನೆಲವನ್ನು ನೋಡುತ್ತಲೇ ಕೇಳಿದೆ. ಇದು ಬಹಳ ಮಂದಿಗೆ ಆಗುತ್ತದಂತೆ, ಹೆಚ್ಚಿನವರಿಗೆ ಕೂದಲು ತಿರುಗಿ ಬರುತ್ತದಂತೆ, ಮುಲಾಮು ಹಚ್ಚಬೇಕಂತೆ, ಅಂಜಬಾರದಂತೆ. ಕೂದಲಿನ ಅಂಜಿಕೆ ನನಗೆ ಆಗಲೇ ಹೋಗಿತ್ತು. ಮೂವತ್ತು ವರ್ಷದಿಂದ ನನ್ನನ್ನು ನೋಡುವುದೇ ಇಲ್ಲ ಎಂದು ನಾನು ಎಲ್ಲರ ಮುಂದೆ ದೂರಿದ ಮನುಷ್ಯ ನನ್ನ ಹಿಂದಲೆಯ ಫೋಟೋ ಇಟ್ಟುಕೊಂಡು ಜಮಖಂಡಿಗೆ ಹೋಗಿದ್ದ. ತಿರುಗಿ ಬರುವಾಗ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲೇ ಕುಳಿತೆ. ಇನ್ನು ಯಾರು ನೋಡಿದರೇನು.

ಮನೆ ಮುಟ್ಟಿದಾಗ ನಮ್ಮ ಮನೆಯವರು ತಡವಾಗಿ ಊಟಕ್ಕೆ ಕುಳಿತಿದ್ದರು, ಅತ್ತೆ ಬಡಿಸುತ್ತಿದ್ದರು. ಮುಲಾಮಿನ ಟ್ಯೂಬನ್ನು ತಾಟಿನ ಪಕ್ಕದಲ್ಲಿ ಇಟ್ಟೆ. ಅವರು ಅದನ್ನು ನೋಡಿದರು, ರೊಟ್ಟಿ ಮುರಿದರು. "ತೋರಿಸಿದೇನು?" ಎಂದರು.

"ಯಾವಾಗಿಂದ ಗೊತ್ತೈತ್ರಿ ನಿಮಗ?"

"ಮೂರು ತಿಂಗಳಾತು. ನೀ ಪೇಪರ್ ತಿದ್ದಕೋತ ಕುಂತಾಗ ಕಂಡಿತ್ತು."

"ಒಂದು ಮಾತು ಹೇಳಬಾರದಾಗಿತ್ತೇನ್ರಿ?"

"ಹೇಳಬೇಕಂತ ಎರಡು ಸಲ ಬಂದೆ. ಎರಡನೇ ಸಲ ನೀ ಕನ್ನಡಿ ಮುಂದ ನಿಂತು ಮಲ್ಲಿಗಿ ಮುಡಕೊಳ್ಳಾಕತ್ತಿದ್ದಿ. ಅದನ್ನ ನೋಡಿ ಹೇಳಾಕ ಮನಸ ಬರಲಿಲ್ಲ." ಅವರು ತಾಟಿನಿಂದ ತಲೆ ಎತ್ತಲಿಲ್ಲ. "ನಿನ್ನ ಕೈಗೇ ಹತ್ತಿದ್ರ ಛಲೋ ಅನಿಸಿತು. ನೀ ಗಡಬಡಿಸಿ ಎರಕೋತಿ, ಹತ್ತೂದಿಲ್ಲ. ಸುವರ್ಣಾ ಸೀರಿ ಒಯ್ಯಾಕ ಅಂಗಡಿಗೆ ಬಂದಾಗ ಹೇಳಿದೆ, ನಿಮ್ಮ ಅಕ್ಕಾರಿಗೆ ಸಾವಕಾಶ ತಲಿ ಎರಕೊಳ್ಳೋದು ಕಲಿಸ್ರಿ ಅಂತ. ಆಕೀಗೂ ಮೊದಲ ಗೊತ್ತಿತ್ತು. ಒಂಬತ್ತನೇ ಕ್ಲಾಸಿನ ಹುಡುಗ್ಯಾರು ಹೇಳಿದ್ರಂತ."

ನಾನು ಗೋಡೆಗೆ ಒರಗಿ ಕುಳಿತುಬಿಟ್ಟೆ. ಅಂದರೆ ನಾನು ಏಡಿಯಂತೆ ಅಡ್ಡ ನಡೆದದ್ದನ್ನು ಆ ಹುಡುಗಿಯರು ಎಲ್ಲ ಗೊತ್ತಿದ್ದೇ, ಒಬ್ಬರೂ ಕಿಸಕ್ ಎನ್ನದೆ ನೋಡುತ್ತಿದ್ದರು. ಅತ್ತೆಯ ಕಡೆ ನೋಡಿದೆ. ಅವರು ತಮ್ಮ ಪಾಲಿನ ಸತ್ಯವನ್ನು ತಾವೇ ಮುಂದಿಟ್ಟರು. "ನನಗೂ ಇಂವ ಹೇಳಿದ್ದ. ಆದ್ರ ಅಗಸಿ ಕುದಿಸಿದ್ದಕ್ಕ ನಾ ಅಂದದ್ದು ಖರೇನ ಅಂದದ್ದು. ಅದರಾಗ ನಾಟಕ ಇಲ್ಲ."

ಈಗ ಭಾನುವಾರದ ಒಂದು ತಾಸು ನನಗೆಂದು ಹಾಗೇ ಉಳಿದಿದೆ. ಕೊಳಲು ಬಿಟ್ಟೆ, ಬಕೆಟ್ಟಿನಲ್ಲಿ ಅದು ಸುಧಾರಿಸುವ ಲಕ್ಷಣ ಇರಲಿಲ್ಲ. ಎಣ್ಣೆ ಹಚ್ಚುವ ಕೆಲಸವನ್ನು ಅತ್ತೆ ತಾವೇ ಕಿತ್ತುಕೊಂಡರು. ಅವರ ಬೆರಳುಗಳು ಸುವರ್ಣಾಳ ಹಾಳೆಯನ್ನು ಓದಿಲ್ಲ, ಆದರೂ ಕಿವಿಯ ಹಿಂದಿನ ತಗ್ಗನ್ನು ಮೊದಲ ಸಲಕ್ಕೇ ಹುಡುಕಿದವು. ಎರೆದುಕೊಂಡ ಮೇಲೆ ಅಂಗಳದ ಬಿಸಿಲಿನಲ್ಲಿ ಕೂದಲು ಹರವಿಕೊಂಡು ಕೂರುತ್ತೇನೆ. ಆ ಜಾಗವನ್ನು ಅವರು ವಾರಕ್ಕೊಮ್ಮೆ ಕನ್ನಡಕ ಏರಿಸಿ, ಹೊಲ ನೋಡಲು ಹೋದವರಂತೆ ಬಗ್ಗಿ ನೋಡಿ ವರದಿ ಕೊಡುತ್ತಾರೆ.

ಹೋದ ಭಾನುವಾರ ಅವರು ಎಂದಿಗಿಂತ ಹೆಚ್ಚು ಹೊತ್ತು ನೋಡಿದರು. "ಬಂದಾವು ಶೈಲಾ. ಜ್ವಾಳ ಹುಟ್ಟಿದಂಗ ಹುಟ್ಟ್ಯಾವು" ಎಂದರು. ನನ್ನ ಕೈ ತಾನಾಗಿ ಅಲ್ಲಿಗೆ ಹೋಯಿತು. ಅವರು ಇನ್ನೊಮ್ಮೆ ಬಗ್ಗಿ, "ಆದ್ರ ಎಲ್ಲಾ ಬಿಳೇವು" ಎಂದರು. ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ ನಮ್ಮ ಮನೆಯವರು ಅದನ್ನು ಕೇಳಿ ಬಾಯಿ ತುಂಬ ನಕ್ಕರು. ನಾನು ಅವರ ಮುಖವನ್ನೇ ನೋಡುತ್ತ ಕುಳಿತೆ. ಮೇಲಿನ ಸಾಲಿನಲ್ಲಿ, ಮುಂದೆಯೇ, ಒಂದು ಹಲ್ಲು ಇರಲಿಲ್ಲ.

"ರೀ, ನಿಮ್ಮ ಹಲ್ಲು ಎಲ್ಲಿ ಹೋತು?"

ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹೋಗಿ ಎಂಟು ತಿಂಗಳಾತಲ್ಲ" ಎಂದರು ನಮ್ಮ ಮನೆಯವರು.

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳೀನಿ. ಕಿತ್ತಿಸಿಕೊಂಡು ಬಂದು, ಬಾಯಾಗ ಹತ್ತಿ ಕಚ್ಚಿಕೊಂಡು, ನಿನ್ನ ಮುಂದ ನಿಂತು ಹೇಳೀನಿ. ನೀ ಪೇಪರಿನ್ಯಾಗಿಂದ ತಲಿ ಎತ್ತಲಿಲ್ಲ. ಛಲೋ ಆತು, ಬರೂಮುಂದ ಹಾಲ ತಂದ್ರೇನು ಅಂದಿ."

ಪರೀಕ್ಷಾ ಕೊಠಡಿಯಲ್ಲಿ ಕಟ್ಟಕಡೆಯ ಬೆಂಚಿನ ಚೀಟಿಯನ್ನು ಬಾಗಿಲಲ್ಲಿ ನಿಂತೇ ಹಿಡಿಯುವವಳೆಂದು ನನಗೆ ಹೆಸರಿದೆ. ಎಂಟು ತಿಂಗಳು ನಾನು ಆ ಬಾಯಿಗೆ ಎದುರು ಕುಳಿತು ಊಟ ಮಾಡಿದ್ದೇನೆ. ನನ್ನ ಬೆನ್ನ ಹಿಂದೆ ಕುಳಿತು ಅತ್ತೆ ಕೂದಲಿನ ಸಿಕ್ಕು ಬಿಡಿಸುತ್ತಿದ್ದರು. ತಿರುಗಿ ಅವರನ್ನೂ ಒಮ್ಮೆ ಅಡಿಯಿಂದ ಮುಡಿಯವರೆಗೆ ಸರಿಯಾಗಿ ನೋಡಿಬಿಡಬೇಕು ಎಂದುಕೊಂಡೆ. ಏನೇನು ಕಡಿಮೆಯಾಗಿದೆಯೋ ಎಂಬ ಹೆದರಿಕೆಗೆ ತಿರುಗಲಿಲ್ಲ.