ನಮ್ಮ ಬಾಗಿಲಿನಲ್ಲಿರುವ ತಮ್ಮ ಬೀಗದ ಕುರಿತು

ಮಾನ್ಯ ಮೊದಲ ಮಾಲೀಕರೇ,

ತಮ್ಮ ಹೆಸರು, ವಿಳಾಸ, ವಯಸ್ಸು, ವೃತ್ತಿ ಯಾವುದೂ ನನಗೆ ತಿಳಿಯದಿದ್ದರೂ ತಮ್ಮ ಆರೋಗ್ಯದ ಬಗ್ಗೆ ನನ್ನಷ್ಟು ಕಾಳಜಿಯುಳ್ಳವರು ತಮ್ಮ ಸ್ವಂತ ಬಂಧುಗಳಲ್ಲೂ ಇರಲಾರರೆಂದು ಮೊದಲಿಗೇ ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇನೆ. ತಾವು ಸುಖವಾಗಿರಬೇಕು, ಬಹುಕಾಲ ಬಾಳಬೇಕು, ಮುಖ್ಯವಾಗಿ ತಮ್ಮ ಸಹಿ ಹಾಕುವ ಕೈ ಗಟ್ಟಿಮುಟ್ಟಾಗಿರಬೇಕು. ಈ ಪತ್ರವನ್ನು ಲಕೋಟೆಯಲ್ಲಿ ಕಳಿಸದೆ ಹೀಗೆ ಊರಿಗೆಲ್ಲ ಕಾಣುವಂತೆ ಬರೆಯುತ್ತಿರುವುದನ್ನು ಕ್ಷಮಿಸಬೇಕು. ತಾವು ಯಾರೆಂದು ಬಲ್ಲ ಏಕೈಕ ಸಂಸ್ಥೆ ಅದನ್ನು ನನಗೆ ಹೇಳಲು ಸುತರಾಂ ಒಪ್ಪುತ್ತಿಲ್ಲ.

ನಾನು ಕನ್ನಡಕದ ಅಂಗಡಿ ಇಟ್ಟುಕೊಂಡವನು. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಅವಳ ತಂದೆ, ಅಂದರೆ ನನ್ನ ಮಾವ, ಜೀವಮಾನವಿಡೀ ಟ್ಯಾಕ್ಸಿ ಓಡಿಸಿ, ಈಚೆಗೆ ನಮ್ಮ ಮೂರನೆಯ ಮಹಡಿಯ ಮನೆಗೆ ಇರಲು ಬಂದವರು. ಅವರು ಬಂದಾಗ ನಮ್ಮ ಬಾಗಿಲಿಗಿದ್ದದ್ದು ಸಾದಾ ಬೀಗ. ಬಂದ ಮರುದಿನವೇ ಮಾವ ವಾಕಿಂಗ್ ಮುಗಿಸಿ ಬಂದವರು ಬೆಲ್ ಒತ್ತದೆ, ಅಂಗಿಯ ಜೇಬಿನಿಂದ ನಮ್ಮದೇ ಅಡುಗೆಮನೆಯ ಒಂದು ಚಮಚ ತೆಗೆದು, ಅದರ ಹಿಡಿಯನ್ನು ಬಾಗಿಲ ಸಂದಿಗೆ ತೂರಿಸಿ, ಬೀಗ ಸರಿಸಿ ಒಳಗೆ ಬಂದರು. “ಅಳಿಯಂದ್ರೇ, ಇದಕ್ಕೆ ಕೀ ಯಾಕೆ? ಚಮಚ ಸಾಕು” ಎಂದು ಅದೇ ಚಮಚದಿಂದ ಟೀಗೆ ಸಕ್ಕರೆ ಕಲಕಿಕೊಂಡರು. ನಾನು ನಕ್ಕು ಸುಮ್ಮನಿದ್ದಿದ್ದರೆ ಅವರು ಇವತ್ತಿಗೂ ಆ ಚಮಚದಲ್ಲೇ ಆರಾಮಾಗಿ ಓಡಾಡಿಕೊಂಡಿರುತ್ತಿದ್ದರು. ಆದರೆ ಮಾವನ ಎದುರು ಮರ್ಯಾದೆ ಹೋದ ಅಳಿಯ ಸುಮ್ಮನಿರುವುದುಂಟೇ ಮಹಾಶಯರೇ?

ಕೆಡವಿದ ಮನೆಗಳ ಬಾಗಿಲು, ಕಿಟಕಿ, ನಲ್ಲಿಗಳನ್ನು ಮಾರುವ ಹಳೇ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯವನನ್ನು ಎಲ್ಲರೂ ಕರೆಯುವುದೇ ಗ್ಯಾರಂಟಿ ಅಣ್ಣ ಎಂದು. ಹಿತ್ತಾಳೆಯ ಹೊಳಪಿನ, ಎತ್ತಿದರೆ ಕೈ ಬೀಳುವಷ್ಟು ಭಾರದ ತಮ್ಮ ಹೈ ಸೆಕ್ಯುರಿಟಿ ಬೀಗವನ್ನು ಅವನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿ ಕೊಟ್ಟು, “ಕಳ್ಳನ ಅಪ್ಪ ಬಂದ್ರೂ ಇದನ್ನ ತೆಗೆಯೋಕಾಗಲ್ಲ, ಗ್ಯಾರಂಟಿ” ಎಂದ. ಮನೆಯವರಿಗೂ ತೆಗೆಯಲಾಗುವುದಿಲ್ಲವೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದೇ ಕೀ ಇತ್ತು. ಇನ್ನೆರಡನ್ನು ಬೀದಿ ಕೊನೆಯಲ್ಲಿ ಮಾಡಿಸಿಕೊಂಡರಾಯಿತು ಎಂದುಕೊಂಡೆ. ಬಡಗಿ ಬಂದು ಬೀಗದ ಅಳತೆಗೆ ಬಾಗಿಲನ್ನು ಎಷ್ಟು ಉದಾರವಾಗಿ ಕೊರೆದನೆಂದರೆ, ಈಗ ಅದನ್ನು ಕಿತ್ತು ಬೇರೆ ಬೀಗ ಹಾಕಿದರೆ ಪಕ್ಕದಲ್ಲಿ ಬೆಕ್ಕು ಸಂಸಾರ ಸಮೇತ ಒಳಗೆ ಬರಬಹುದು. ಬಾಗಿಲು ಎಳೆದುಕೊಂಡರೆ ಬೀಗ ತಾನಾಗಿಯೇ ಬೀಳುತ್ತದೆ. ಒಳಗಿನಿಂದ ಹೊರಗೆ ಯಾರು ಬೇಕಾದರೂ ಹೋಗಬಹುದು, ಹೊರಗಿನಿಂದ ಒಳಗೆ ಬರಲು ಮಾತ್ರ ಆ ಒಂದು ಕೀ ಬೇಕು.

ಆ ಕೀಯ ಮೈಮೇಲೆ ಹಲ್ಲುಗಳಿಲ್ಲ, ಸಿಡುಬಿನ ಕಲೆಯಂಥ ಗುಳಿಗಳಿವೆ ಎಂಬುದು ತಮಗೆ ತಿಳಿದದ್ದೇ. ಫುಟ್‌ಪಾತಿನಲ್ಲಿ ಕೂತು ಕೀ ಮಾಡುವವನು ಅದನ್ನು ಕೈಗೆ ತೆಗೆದುಕೊಂಡವನೇ ಯಾರದೋ ಹಲ್ಲಿನ ಸೆಟ್ಟು ಕೈಗೆ ಬಂದವನಂತೆ ಬೆಚ್ಚಿ ವಾಪಸು ಕೊಟ್ಟ. ಪೇಟೆಯ ದೊಡ್ಡ ಅಂಗಡಿಯವನ ಹತ್ತಿರ ಯಂತ್ರವೂ ಇತ್ತು, ಸಾಮಾನೂ ಇತ್ತು, ಧೈರ್ಯವೊಂದಿರಲಿಲ್ಲ. “ಮೊದಲು ಕೊಂಡವರಿಗೆ ಬೀಗದ ಜೊತೆ ಕಂಪನಿ ಕೊಡೋ ಮಾಲೀಕರ ಕಾರ್ಡ್ ಇಲ್ದೆ ನಾನಿದನ್ನ ಮುಟ್ಟಿದ್ರೆ ಕಂಪನಿಯವರು ನನ್ನ ಅಂಗಡಿಗೇ ಬೀಗ ಹಾಕ್ತಾರೆ” ಎಂದು ಕೈ ಎತ್ತಿಬಿಟ್ಟ. ಬಸ್ ನಿಲ್ದಾಣದ ಹಿಂದಿನ ಮೂರನೆಯವನು ಮಾತ್ರ ಕಾರ್ಡೂ ಬೇಡ ಗೀರ್ಡೂ ಬೇಡ ಎಂದು ಕೈಯಿಂದಲೇ ಅರದಲ್ಲಿ ಉಜ್ಜಿ ಒಂದು ಕೀ ಮಾಡಿಕೊಟ್ಟ. ಆ ಕೀಯಿಂದ ನಮ್ಮ ಬಾಗಿಲೊಂದನ್ನು ಬಿಟ್ಟು ಉಳಿದೆಲ್ಲವೂ ತೆರೆಯುತ್ತದೆ. ಮೆಟ್ಟಿಲ ಕೆಳಗಿನ ಟಪಾಲು ಪೆಟ್ಟಿಗೆಗಳು, ತಾರಸಿಯ ಗೇಟು, ಎರಡನೆಯ ಮಹಡಿಯ ಹೊಲಿಗೆ ಮೇಡಂ ಅವರ ಬೀರು ಎಲ್ಲಕ್ಕೂ ಅದು ಒಗ್ಗಿಕೊಂಡಿದೆ. ಆ ಮೇಡಂ ಈಗ ತಮ್ಮ ಬೀರುವಿನ ಕೀ ಎಲ್ಲಿಟ್ಟೆನೆಂದು ಹುಡುಕುವುದನ್ನೇ ಬಿಟ್ಟು ನೇರವಾಗಿ ನಮ್ಮ ಮನೆಯ ಬೆಲ್ ಒತ್ತುತ್ತಾರೆ.

ಆಗ ಕಂಪನಿಗೆ ಫೋನ್ ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹೆಣ್ಣುಮಗಳು ಸಿಕ್ಕಳು. ಬೀಗದ ನಂಬರು ಕೇಳಿ, ನೋಡಿ, ಮೊದಲ ಮಾಲೀಕರಾದ ತಮ್ಮ ಕಾರ್ಡು ಇನ್ನೂ ಚಾಲ್ತಿಯಲ್ಲಿದೆ ಎಂದು ಸಂತೋಷದಿಂದ ಹೇಳಿದಳು. ಬೀಗ ಕೊಂಡವನು ನಾನು, ನಮ್ಮ ಬಾಗಿಲಲ್ಲೇ ಇದೆ ಎಂದರೆ, “ಸರ್, ಬಾಗಿಲು ನಿಮ್ದು. ಬೀಗ ಅವರದು” ಎಂದಳು. ತಾವು ಯಾರೆಂದು ಕೇಳಿದರೆ ಸುರಕ್ಷತೆಯ ದೃಷ್ಟಿಯಿಂದ ಹೇಳುವ ಹಾಗಿಲ್ಲವಂತೆ. ಹಾಗಾದರೆ ಅವರು ಕೇಳಿದರೆ ಕೊಡುತ್ತೀರಾ ಎಂದೆ. “ಅಯ್ಯೋ, ಅವರು ಕೇಳಿದ್ರೆ ಎಷ್ಟು ಬೇಕಾದ್ರೂ ಮನೆ ಬಾಗಿಲಿಗೇ ಕಳಿಸ್ತೀವಿ ಸರ್!” ಎಂದಳು. ಅಂದರೆ ನಮ್ಮ ಮನೆಗೆ ಬೇಕೆಂದಷ್ಟು ಕೀ ಮಾಡಿಸಿಕೊಳ್ಳುವ ಹಕ್ಕು ಇಡೀ ಭೂಮಿಯ ಮೇಲೆ ಇರುವುದು ನಮ್ಮ ಮನೆ ಎಲ್ಲಿದೆಯೆಂದೇ ತಿಳಿಯದ ತಮಗೊಬ್ಬರಿಗೆ. ಇಂಥ ಭದ್ರತೆಗೆ ಮೂಗಿನ ಮೇಲೆ ಬೆರಳಿಡದೆ ಇನ್ನೇನು ಮಾಡಲಿ?

ಇರುವ ಒಂದು ಕೀ ನನ್ನ ಮತ್ತು ನನ್ನ ಹೆಂಡತಿಯ ನಡುವೆ ಓಡಾಡುತ್ತದೆ. ಅವಳ ಪಾಳಿ ಬದಲಾದಂತೆ ಕೀಯ ಪಾಳಿಯೂ ಬದಲಾಗುತ್ತದೆ, ಕೆಲವೊಮ್ಮೆ ಕಳ್ಳನ ಅಪ್ಪನಿಗೂ ಜಗ್ಗದ ಬೀಗದ ಕೀಯನ್ನು ಹೂವಿನ ಕುಂಡದ ಕೆಳಗೆ ಬಚ್ಚಿಡುವುದೂ ಉಂಟು. ಮಾವ ಹೇಗಿದ್ದರೂ ಮನೆಯಲ್ಲೇ ಇರುತ್ತಾರಲ್ಲ, ಅವರಿಗೇಕೆ ಎಂದು ನಾವಿಬ್ಬರೂ ಅಂದುಕೊಂಡೆವು. ಆದರೆ ಅವರು ಮನೆಯಲ್ಲಿರುವ ಜಾತಿಯವರಲ್ಲ. ಪೇಪರ್ ತರಲು ಇಳಿದವರು ಬಾಗಿಲು ಬಿದ್ದುಕೊಂಡು ನಾವು ಬರುವವರೆಗೆ ಮೆಟ್ಟಿಲ ಮೇಲೆ ಕೂರುತ್ತಾರೆ. ಅವರ ಜೇಬು ಯಾವತ್ತೂ ಕೀ ಇಲ್ಲದೆ ಇದ್ದದ್ದಲ್ಲ. ಟ್ಯಾಕ್ಸಿಯ ಕೀ ಬಿಟ್ಟುಕೊಟ್ಟದ್ದೂ ನನ್ನ ಅಂಗಡಿಯಲ್ಲೇ, ಕಣ್ಣು ಪರೀಕ್ಷೆಯ ಫಲಕದ ದೊಡ್ಡ ಅಕ್ಷರವೂ ಓದಲಾಗದ ದಿನ ಅದನ್ನು ನನ್ನ ಮೇಜಿನ ಮೇಲಿಟ್ಟು ಎದ್ದು ಹೋಗಿದ್ದರು. ಮೊನ್ನೆ ಅವರು ಆ ಚಮಚವನ್ನು ತೊಳೆದು ಅಡುಗೆಮನೆಯ ಡಬ್ಬಿಗೆ ವಾಪಸು ಹಾಕಿ, “ಬೆಲ್ ಮಾಡಿ ಒಳಗೆ ಬರೋನು ನೆಂಟ, ಅಳಿಯಂದ್ರೇ. ನೆಂಟ ಎಷ್ಟು ದಿನ ಅಂತ ಇರ್ತಾನೆ? ಈ ವಾರ ನೋಡ್ತೀನಿ, ಆಮೇಲೆ ತಮ್ಮನ ಮನೆಗೆ ಹೋಗ್ತೀನಿ” ಎಂದರು. ಅವರ ಚೀಲ ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿ ತುಂಬಿ ನಿಂತಿದೆ. ಅದನ್ನು ದಾಟಿ ಒಳಗೆ ಹೋಗುವಾಗಲೆಲ್ಲ ನನ್ನ ಹೆಂಡತಿ ನನ್ನ ಮುಖ ನೋಡುತ್ತಾಳೆ, ನಾನು ಬೀಗದ ಮುಖ ನೋಡುತ್ತೇನೆ.

ಆದ್ದರಿಂದ ಮಹಾಶಯರೇ, ತಮ್ಮನ್ನು ಹುಡುಕಲು ನನ್ನ ವೃತ್ತಿಯ ಭೂತಗನ್ನಡಿ ಹಿಡಿದು ತಮ್ಮ ಬೀಗವನ್ನೇ ಪರೀಕ್ಷಿಸಿದೆ. ಕೀ ತೂರುವ ಬಾಯಿಯ ಎಡಗಡೆ ಬರೀ ಗೀರುಗಳಿವೆ, ಆದ್ದರಿಂದ ತಾವು ಎಡಗೈಯವರು, ಇಲ್ಲವೇ ಬಲಗೈಯಲ್ಲಿ ಸದಾ ಭಾರ ಹೊತ್ತು ಮನೆಗೆ ಬರುತ್ತಿದ್ದವರು. ಕೆಳಗೊಂದು ತಗ್ಗಿದೆ, ಯಾರೋ ಹೊರಗಿನಿಂದ ಒದ್ದದ್ದು. ಕಳ್ಳ ಹಾಗೆ ಒದೆಯುವುದಿಲ್ಲ, ಅವನಿಗೆ ಸದ್ದಾಗಬಾರದು. ಅದು ಮನೆಯವರದೇ ಒದೆತ. ತಮ್ಮ ಮನೆಯಲ್ಲೂ ಕೀ ಸಿಗದ ಒಬ್ಬರಿದ್ದರೇ? ಅದಕ್ಕೇ ತಾವು ಬೀಗವನ್ನು ಮಾರಿಬಿಟ್ಟಿರೇ? ಬೀಗ ಮಾರಿಯೂ ಕಾರ್ಡು ಉಳಿಸಿಕೊಂಡ ತಮ್ಮ ದೂರದೃಷ್ಟಿಗೆ ನನ್ನ ಅಂಗಡಿಯಲ್ಲಿ ಯಾವ ಗಾಜೂ ಇಲ್ಲ.

ತಾವು ಕಾರ್ಡಿನ ಸಮೇತ ಒಂದು ಸಹಿ ಹಾಕಿಕೊಟ್ಟರೆ ಸಾಕು. ಅದು ಕಷ್ಟವಾದರೆ ತಾವೇ ಬಂದು ನಮ್ಮಲ್ಲಿ ಇರಬಹುದು. ನನ್ನ ಹೆಂಡತಿಯ ಹೊಲಿಗೆ ಯಂತ್ರ ಸರಿಸಿದರೆ ಒಂದು ಮಂಚ ಹಿಡಿಯುತ್ತದೆ, ಊಟ, ಬಟ್ಟೆ, ಕನ್ನಡಕ ಎಲ್ಲ ನಮ್ಮದು, ಬಾಗಿಲು ತೆಗೆಯುವುದೊಂದು ತಮ್ಮದು. ಅದೂ ಬೇಡವೆಂದರೆ ನನ್ನ ಮಾವನನ್ನು ತಾವು ದತ್ತು ತೆಗೆದುಕೊಳ್ಳಬೇಕು. ಅವರು ತಮಗಿಂತ ಹಿರಿಯರಿರಬಹುದು, ಆದರೆ ತುಂಟತನ ಮಾಡುವುದಿಲ್ಲ, ಹೇಳಿದ ಮಾತು ಕೇಳುತ್ತಾರೆ ಎಂದು ಅವರ ಮಗಳ ಪರವಾಗಿ ಸುಳ್ಳೇ ಬರೆದುಕೊಡುತ್ತೇನೆ. ತಮ್ಮ ವಾರಸುದಾರರಾಗಿ ಅವರು ಕೀ ಕೇಳಿದರೆ ಕಂಪನಿಯ ಹೆಣ್ಣುಮಗಳು ಇಲ್ಲವೆನ್ನಲಾರಳು. ಇವಾವುವೂ ಆಗದಿದ್ದರೆ ತಾವು ಬಾಗಿಲನ್ನೂ ಕೊಂಡುಕೊಳ್ಳಿ. ತಮ್ಮ ಬಾಗಿಲ ಹಿಂದೆ ಬಾಡಿಗೆಗಿರಲು ನಾವು ಸಿದ್ಧ.

ತಮ್ಮ ಸಹಿಯ ದಾರಿಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿರುವ,

ತಮ್ಮ ವಿಶ್ವಾಸಿ,
ಬಾಗಿಲಿನ ಮಾಲೀಕ (ಬೀಗದ್ದಲ್ಲ)

ಮರೆತ ಮಾತು: ಮೇಲಿನದನ್ನು ನಿನ್ನೆ ಬರೆದು ಮುಗಿಸಿದ್ದೆ. ಇದನ್ನು ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಮನ್ನಿಸಬೇಕು. ಇವತ್ತು ಬೆಳಿಗ್ಗೆ ಮಾವ ಮೊಳೆಗೆ ನೇತುಹಾಕಿದ್ದ ಕೀಯನ್ನು ತೆಗೆದು ಜೇಬಿಗೆ ಹಾಕಿಕೊಂಡು, ಜೇಬನ್ನು ಹೊರಗಿನಿಂದ ಒಮ್ಮೆ ತಟ್ಟಿ ನೋಡಿ, “ಇನ್ಮೇಲೆ ಇದು ನನ್ನತ್ರ ಇರುತ್ತೆ. ನಿಮಗೆ ಬೇಕಾದಾಗ ಕೇಳಿ, ಬಂದು ತೆಗೀತೀನಿ” ಎಂದು ಗಾಳಿ ಸೇವನೆಗೆ ಹೊರಟುಹೋದರು. ಹೋಗುವ ಮುಂಚೆ ಚೀಲದ ಬಟ್ಟೆಗಳನ್ನು ಬೀರುವಿಗೆ ಜೋಡಿಸಿದ್ದಾರೆ. ಅವರನ್ನು ಕರೆಯಲು ಈ ಪತ್ರ ಹಿಡಿದೇ ಹೊರಗೆ ಕಾಲಿಟ್ಟ ನನ್ನ ಹಿಂದೆ ಬಾಗಿಲು ಬಿದ್ದುಕೊಂಡಿತು. ನನ್ನ ಪಕ್ಕದಲ್ಲಿ ನನ್ನ ಹೆಂಡತಿ ಪಾಳಿ ಮುಗಿಸಿ ಬಂದು ಗೋಡೆಗೊರಗಿ ಕೂತು ನಗುತ್ತಿದ್ದಾಳೆ, ಅವಳು ಹೀಗೆ ನಕ್ಕು ಬಹಳ ದಿನವಾಗಿತ್ತು. ಆದಕಾರಣ ಮಹಾಶಯರೇ, ಮೇಲಿನ ಬೇಡಿಕೆಗಳನ್ನೆಲ್ಲ ಈ ಮೂಲಕ ಹಿಂತೆಗೆದುಕೊಂಡಿದ್ದೇನೆ. ತಾವು ಯಾರೇ ಆಗಿರಿ, ಎಲ್ಲೇ ಇರಿ, ಕಂಪನಿಯವರು ಕಾಲಿಗೆ ಬಿದ್ದರೂ ದಯವಿಟ್ಟು ಸಹಿ ಹಾಕಬೇಡಿ. ನಮ್ಮ ಯೋಗಕ್ಷೇಮದ ಚಿಂತೆಯೂ ಬೇಡ. ಮಾವ ಹೊರಡುವಾಗ ನಮ್ಮಿಬ್ಬರಿಗೂ ಇರಲಿ ಎಂದು ಒಂದೊಂದು ಚಮಚ ನನ್ನ ಕೈಗೆ ಕೊಟ್ಟು ಹೋಗಿದ್ದಾರೆ.