ಉಳ್ಳಾಲದ ರಾಣಿ ಟೀಪಾಟಿನ ಮೇಲೆ

ನನಗೆ ಬರೆದು ಅಭ್ಯಾಸವಿಲ್ಲ. ಆದರೆ ನಾನು ಹೆಣಿಗೆಯ ಕಡ್ಡಿ ಕೈಗೆತ್ತಿಕೊಂಡಾಗಲೆಲ್ಲ ಒಂದಲ್ಲ ಒಂದು ಎಡವಟ್ಟು ಆಗಿಯೇ ಆಗುತ್ತದೆ. ಮೊದಲೇ ವಿವರಿಸಿಬಿಡುತ್ತೇನೆ: ಟೀ ಕೋಜಿ ಎಂದರೆ ಚಹಾ ಆರದಿರಲಿ ಎಂದು ಪಿಂಗಾಣಿಯ ಟೀಪಾಟಿಗೆ ತೊಡಿಸುವ ಉಲ್ಲನ್ ಟೋಪಿ. ಪಾಟಿನ ಮೂತಿಗೆ ಒಂದು ತೂತು, ಹಿಡಿಕೆಗೆ ಒಂದು ತೂತು. ಆ ತೂತುಗಳ ವಿಷಯ ಕೊನೆಯಲ್ಲಿ ಬರುತ್ತದೆ.

ಮಣಿಪಾಲದಲ್ಲಿ

ನಮ್ಮ ಹೆಣಿಗೆ ಬಳಗ ಸೇರುವುದು ಅಧ್ಯಕ್ಷೆಯ ಫ್ಲಾಟಿನಲ್ಲಿ. ಅವರು ಊಟಿಯ ಹೋಟೆಲಿನಲ್ಲಿ ಟೀ ಕೋಜಿ ನೋಡಿ ಬಂದವರು. ಬಂದವರೇ ಉಡುಪಿಯಲ್ಲಿ ಸ್ಪರ್ಧೆ ಇಟ್ಟರು. ಒಂದೊಂದು ಕೋಜಿಯೂ ಇತಿಹಾಸದ ಒಬ್ಬ ಮಹಿಳೆಯ ನೆನಪಿಗೆ. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಎಲ್ಲರಿಗೂ ಬೇಕಾಗಿದ್ದರು. ಚೀಟಿ ಎತ್ತಿದಾಗ ನನ್ನ ಪಾಲಿಗೆ ಬಂದರು.

"ರಾಣಿ ಚಹಾ ಕುಡಿಯುತ್ತಿದ್ದರಾ?" ಎಂದು ಕೇಳಿದೆ.

"ಆಗ ಇಲ್ಲಿ ಚಹಾವೇ ಇರಲಿಲ್ಲ," ಎಂದರು ಅಧ್ಯಕ್ಷೆ.

"ಮತ್ತೆ?"

"ಅದಕ್ಕೇ ಈಗ ನಾವು ಕುಡಿದು ಗೌರವ ಕೊಡುವುದು."

ಕಾಪುವಿನಲ್ಲಿ

ನಮ್ಮದು ಮೀನಿನ ವ್ಯಾಪಾರದ ಮನೆ. ಅತ್ತೆ ಮೀನು ಮಾರಿ ಬಂದು ಬುಟ್ಟಿ ಇಳಿಸುವಾಗ ನಾನು ಕೆಂಪು ಉಲ್ಲನ್ನಿನಲ್ಲಿ ರಾಣಿಯ ಸೀರೆ ಹೆಣೆಯುತ್ತಿದ್ದೆ. ಮೇಲೆ ಜರಿಯ ಕಿರೀಟ, ಮೂತಿಯ ತೂತಿನ ಪಕ್ಕ ಒಂದು ಪುಟ್ಟ ಕತ್ತಿ.

"ಎಂತ ಮಾರಾಯ್ತಿ ಇದು?"

"ಚಹಾ ಬಿಸಿ ಇರಲಿಕ್ಕೆ, ಅತ್ತೆ."

"ಈ ಸೆಕೆಯಲ್ಲಿ ಚಹಾ ಆರುವುದಿಲ್ಲ ಅಂತಲೇ ನನ್ನ ಗೋಳು! ಫ್ಯಾನಿನ ಕೆಳಗಿಟ್ಟು ಕುಡಿಯುವವಳು ನಾನು."

ಮೊದಲ ಬಹುಮಾನ ಖಂಡಿತ ಎಂದು ನಾನು ಜಂಬ ಕೊಚ್ಚಿದೆ.

"ಬಾರದಿದ್ದರೆ ಅದು ನನಗೆ. ಒಲೆಯಿಂದ ಮೀನುಸಾರಿನ ಪಾತ್ರೆ ಇಳಿಸಲಿಕ್ಕೆ ಒಳ್ಳೆಯದುಂಟು," ಎಂದವರು ಮತ್ತೊಮ್ಮೆ ನೋಡಿದರು. "ಅಲ್ಲ, ಅವರು ಉಳ್ಳಾಲದ ರಾಣಿಯಾ, ಕಾಶ್ಮೀರದವರಾ? ಪಾಪ, ಸ್ವೆಟರ್ ಯಾಕೆ?"

ರಾಣಿಯನ್ನು ಮೀನುಸಾರಿನಿಂದ ಉಳಿಸಬೇಕಾದರೆ ಬಹುಮಾನ ಬರಲೇಬೇಕಿತ್ತು.

ಕಾರ್ಕಳದಲ್ಲಿ

ಸ್ಪರ್ಧೆಗೆ ಟೀಪಾಟೂ ಬೇಕು. ನಮ್ಮ ಮನೆಯಲ್ಲಿರುವುದು ಸ್ಟೀಲಿನ ಲೋಟ. ಕಾರ್ಕಳದ ಚಿಕ್ಕಮ್ಮನ ಶೋಕೇಸಿನಲ್ಲಿ ಅವರ ಮದುವೆಗೆ ಉಡುಗೊರೆ ಬಂದ ಪಾಟ್ ಇತ್ತು. ಒಳ್ಳೆಯ ಕುಂಬಳಕಾಯಿ ಗಾತ್ರದ್ದು.

"ಕೊಂಡುಹೋಗು," ಎಂದರು ಚಿಕ್ಕಮ್ಮ, "ಆದರೆ ಒಂದು ಮಾತು. ಚಹಾ ಮಾತ್ರ ಹಾಕಬೇಡ, ಹಾಳಾಗ್ತದೆ."

ಉಡುಪಿಯಲ್ಲಿ

ಸ್ಪರ್ಧೆಯ ದಿನ ಅತ್ತೆಯೂ ಬಂದರು, ಪಾತ್ರೆ ಇಳಿಸುವ ಬಟ್ಟೆ ಕೈಗೆ ಸಿಗುತ್ತದೆಂಬ ಧೈರ್ಯದಿಂದ. ನಮ್ಮಲ್ಲಿ ಸನ್ಮಾನವಿಲ್ಲದೆ ಯಾವ ಕಾರ್ಯಕ್ರಮವೂ ಮುಂದಕ್ಕೆ ಹೋಗುವುದಿಲ್ಲ. ಹಾಗಾಗಿ ಇದ್ದ ಒಬ್ಬರೇ ತೀರ್ಪುಗಾರರು ಕೆಲಸ ಶುರುಮಾಡುವ ಮೊದಲೇ ಅವರಿಗೆ ಸನ್ಮಾನ. ಶಾಲು ಬಂತು, ಹಾರ ಬಂತು, ಹಣ್ಣಿನ ಬುಟ್ಟಿಯೂ ಬಂತು. ಪೇಟ ಬರಲಿಲ್ಲ, ತರಬೇಕಾದವರು ಮರೆತಿದ್ದರು. ನಿರೂಪಕಿ ಮೈಕಿನಲ್ಲಿ, "ಈಗ ಪೇಟ ತೊಡಿಸಿ…" ಎಂದು ಹೇಳಿಯೂ ಆಗಿತ್ತು.

ಅಧ್ಯಕ್ಷೆ ಅತ್ತಿತ್ತ ನೋಡಿದರು. ಹತ್ತಿರದ ಮೇಜಿನಲ್ಲಿ, ಚಿಕ್ಕಮ್ಮನ ಪಾಟಿನ ಮೇಲೆ, ಜರಿ ಹೊಳೆಯುತ್ತಿತ್ತು. ನಾನು ಬಾಯಿ ತೆರೆಯುವುದರೊಳಗೆ ನನ್ನ ರಾಣಿಯನ್ನು ಕಿತ್ತು ತೀರ್ಪುಗಾರರ ತಲೆಗೆ ಇಳಿಸಿಬಿಟ್ಟರು. ಉಲ್ಲನ್ ಹಿಗ್ಗುತ್ತದೆ, ಚೆನ್ನಾಗಿಯೇ ಕೂತಿತು. ಮೂತಿಯ ತೂತಿನಿಂದ ಒಂದು ಕಿವಿ, ಹಿಡಿಕೆಯ ತೂತಿನಿಂದ ಇನ್ನೊಂದು ಕಿವಿ ಹೊರಗೆ ಬಂತು. ಸಭೆ ಚಪ್ಪಾಳೆ ತಟ್ಟಿತು.

"ನನಗೆ ಎಷ್ಟೋ ಕಡೆ ಪೇಟ ತೊಡಿಸಿದ್ದಾರೆ," ಎಂದರು ತೀರ್ಪುಗಾರರು ಗದ್ಗದಿತರಾಗಿ. "ಕಿವಿಯ ಬಗ್ಗೆ ಯೋಚಿಸಿದವರು ನೀವೇ ಮೊದಲು."

ನಾನು ಅಧ್ಯಕ್ಷೆಯ ಸೆರಗು ಎಳೆದೆ. "ಸನ್ಮಾನ ಮಾಡಿದವರ ತಲೆಯಿಂದ ಪೇಟ ಕಿತ್ತುಕೊಳ್ಳಲಿಕ್ಕುಂಟಾ? ಸುಮ್ಮನಿರು!" ಎಂದು ಅವರು ಹಲ್ಲು ಕಚ್ಚಿದರು.

ತೀರ್ಪುಗಾರರು ಅದೇ ವೇಷದಲ್ಲಿ ಮೇಜುಗಳ ಸುತ್ತ ಹೊರಟರು. ಚಿಕ್ಕಮ್ಮನ ಬೋಳು ಪಾಟಿನ ಮುಂದೆ ನಿಂತರು.

"ಇದರ ಕೋಜಿ ಎಲ್ಲಿ?"

ಅಧ್ಯಕ್ಷೆ ಫ್ಯಾನ್ ನೋಡುತ್ತಿದ್ದರು.

"ಹೆಣೆಯದೇ ಬರುವವರನ್ನೆಲ್ಲ ಸೇರಿಸಿಕೊಳ್ಳಬಾರದು, ಅಲ್ವಾ?" ಎಂದು, ಕಿವಿಗೆ ತಾಗುತ್ತಿದ್ದ ರಾಣಿಯ ಕತ್ತಿಯನ್ನು ಸರಿಮಾಡಿಕೊಂಡು, ನನ್ನನ್ನು ಸ್ಪರ್ಧೆಯಿಂದ ಹೊರಗಿಟ್ಟರು.

ಸಂಜೆ ಅವರು ಶಾಲು, ಹಣ್ಣು, ರಾಣಿ ಸಮೇತ ಕಾರು ಹತ್ತಿದರು. ಅತ್ತೆ ಗೇಟಿನವರೆಗೂ ಹಿಂದೆ ಹೋಗಿ, ಕಾರು ಮರೆಯಾದ ಮೇಲೆ ನನ್ನತ್ತ ತಿರುಗಿದರು:

"ಬಹುಮಾನ ಬರಲಿಲ್ಲ, ಸರಿ. ನನ್ನ ಪಾತ್ರೆ ಇಳಿಸುವ ಬಟ್ಟೆಯನ್ನು ಅವರು ಯಾಕೆ ಕೊಂಡುಹೋದದ್ದು?"